ಸೋಮವಾರದ ಗೊಟ್ಟ

ಕಲೆ ಮತ್ತೆ ದೊಡ್ಡದಾಗಿತ್ತು. ನಿನ್ನೆ ಸಂಜೆ ಬೂದಿ ಉದುರಿಸಿ, ತೆಂಗಿನ ನಾರಿನಿಂದ ಮೊಣಕೈ ನೋಯುವ ತನಕ ತಿಕ್ಕಿ ತೊಳೆದಿದ್ದ ಅದೇ ಕಲ್ಲುಹಾಸಿನ ಮೇಲೆ, ಮೋಟಾರಿನ ಹೊಟ್ಟೆಯ ನೇರಕ್ಕೆ, ಎಣ್ಣೆ ಕಪ್ಪಗೆ ಮಿನುಗುತ್ತ ಹರಡಿಕೊಂಡಿತ್ತು. ಡ್ರೈವರು ಜುಂಜಣ್ಣ ಗಾಡಿಮನೆಯ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಅದನ್ನೇ ನೋಡಿದ. ಒಂದು ಕಾಲಕ್ಕೆ ಇಲ್ಲಿ ಎರಡು ಜೊತೆ ಎತ್ತು ಕಟ್ಟುತ್ತಿದ್ದರಂತೆ. ಗೋದಲಿ ಹಾಗೇ ಇತ್ತು, ಗೂಟಗಳೂ ಇದ್ದವು, ಅವುಗಳ ನಡುವೆ ರೇವಣಸಿದ್ದಪ್ಪ ಸಾಹುಕಾರರ ಮೋಟಾರು ಬಿಸಿಲಿಗೆ ಹಿತ್ತಾಳೆ ದೀಪ ಹೊಳೆಯಿಸುತ್ತ, ತನಗೂ ಈ ಕಲೆಗೂ ಸಂಬಂಧವೇ ಇಲ್ಲವೆಂಬಂತೆ ನಿಂತಿತ್ತು. ಸೋಮವಾರ. ಈ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತು ಮಾರಿ ಮೋಟಾರು ತಂದ ಮೇಲೆ ಸಾಹುಕಾರರ ತಾಯಿ ಏಕಾಂತಮ್ಮನವರು, ‘ಅದಕ್ಕೂ ಒಂದಿನ ಬ್ಯಾಡೇನು?’ ಎಂದು ಕೇಳಿದ್ದರು. ಎಲ್ಲರೂ ನಕ್ಕಿದ್ದರು, ಆದರೆ ಅಂದಿನಿಂದ ಸೋಮವಾರ ಮೋಟಾರು ಶುರುಮಾಡುವ ಹಿಡಿಕೆಯನ್ನು ಯಾರೂ ಮುಟ್ಟಿರಲಿಲ್ಲ. ಹಾಗಾಗಿ ಇವತ್ತೊಂದು ದಿನ ಅವನ ಕೈಯಲ್ಲಿತ್ತು. ನಾಳೆ ಮಂಗಳವಾರ.

ನಿನ್ನೆ ಹೊಸದುರ್ಗದಲ್ಲಿ ಅಮಲ್ದಾರರ ಮನೆಯಂಗಳವನ್ನು ಸಗಣಿಯಲ್ಲಿ ಸಾರಿಸಿ ರಂಗೋಲಿ ಬಿಟ್ಟಿದ್ದರು. ಮೋಟಾರು ನಿಂತ ಸ್ವಲ್ಪ ಹೊತ್ತಿಗೇ ರಂಗೋಲಿಯ ಒಂದು ಎಳೆ ಕಪ್ಪಾಯಿತು. ಸಾಹುಕಾರರು ಕೆಳಗಿಳಿದಾಗ ಅವರ ಹೊಸ ಧೋತರದ ಅಂಚು ಎಣ್ಣೆಯಲ್ಲಿ ಅದ್ದಿದ್ದು ಅವರಿಗೆ ತಿಳಿಯಲಿಲ್ಲ. ಆ ಅಂಚು ಒಳಗೆ ಹಾಸಿದ್ದ ಜಮಖಾನದ ಮೇಲೆ ಉದ್ದಕ್ಕೂ ಗೆರೆ ಎಳೆದು ಹೋಯಿತು. ಹೊರಗೆ ನಿಂತಿದ್ದ ಜವಾನ ಬಗ್ಗಿ ನೋಡಿ, ‘ಏನಪ್ಪ, ನಿನ್ನ ಮೋಟಾರು ಉಚ್ಚೆ ತಡಕಳಾದಿಲ್ವಾ?’ ಎಂದ. ಜುಂಜಣ್ಣನೂ ನಕ್ಕ. ಯಾಕೆ ನಕ್ಕೆನೋ ಎಂದು ಈಗ ಯೋಚಿಸಿದರೆ ಕಿವಿ ಬಿಸಿಯಾಗುತ್ತದೆ. ಹಿಂದಿರುಗುವಾಗ ಬಬ್ಬೂರು ದಾಟುವ ತನಕ ಸಾಹುಕಾರರು ಧೋತರದ ಅಂಚನ್ನೇ ಬೆರಳಲ್ಲಿ ತಿಕ್ಕುತ್ತಿದ್ದರು. ಆಮೇಲೆ, ಹೊಲದ ಕಡೆ ಮುಖ ಮಾಡಿಕೊಂಡೇ, ‘ದುರ್ಗದ ಅರಳೆ ಮಿಲ್ಲಿಗೆ ದಾವಣಗೆರೆಯಿಂದ ಒಬ್ಬ ಮೇಸ್ತ್ರಿ ಬಂದವ್ನಂತೆ. ಮಂಗಳವಾರ ಇಲ್ಲಿಗೂ ಕರಸ್ತೀನಿ. ಬಿಚ್ಚಿ ನೋಡ್ಲಿ. ನೀನೂ ಪಕ್ಕದಾಗಿರು,’ ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ‘ಪಕ್ಕದಾಗಿರು’ ಎಂಬ ಮಾತು ರಾತ್ರಿಯೆಲ್ಲ ಅವನ ಪಕ್ಕದಲ್ಲೇ ಮಲಗಿತ್ತು.

ಯಾಕೆಂದರೆ ಜುಂಜಣ್ಣನಿಗೆ ಎಂಜಿನ್ನು ಬಿಚ್ಚಲು ಬರುತ್ತಿರಲಿಲ್ಲ. ಮೋಟಾರು ಓಡಿಸಲು ಬರುತ್ತಿತ್ತು, ಅದರಲ್ಲಿ ಮೋಸವಿಲ್ಲ. ಧರ್ಮಪುರದ ಕಲ್ಲುದಾರಿಯಲ್ಲೂ ಸಾಹುಕಾರರ ಬಾಯಿಂದ ಎಲೆಅಡಿಕೆ ಬೀಳದ ಹಾಗೆ ಓಡಿಸುತ್ತಿದ್ದ. ಆದರೆ ಕೆಲಸ ಕೇಳಲು ಬಂದ ದಿನ, ಬೆಂಗಳೂರಿನ ಮೋಟಾರು ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದೆ, ಎಂಜಿನ್ನು ಬಿಚ್ಚಿ ಜೋಡಿಸುತ್ತೇನೆ ಎಂದಿದ್ದ. ಅಲ್ಲಿ ಅವನು ಮಾಡಿದ್ದು ಮಡ್‌ಗಾರ್ಡು ತೊಳೆಯುವುದು, ಹಿತ್ತಾಳೆ ಉಜ್ಜುವುದು, ಮೇಸ್ತ್ರಿ ಕೈ ಚಾಚಿದಾಗ ಬೋಲ್ಟು ತಿರುಗಿಸುವ ಪಾನಾ ಕೊಡುವುದು. ಎಂಜಿನ್ನಿನ ವಿಷಯ ಅವನು ಕೇಳಿ ಕಲಿತದ್ದು ಒಂದೇ ಒಂದು. ಎಂಜಿನ್ನಿನ ಹೊಟ್ಟೆಯ ಹಿಂಭಾಗದಲ್ಲಿ ಒಂದರ ಮೇಲೊಂದು ಎರಡು ಪುಟ್ಟ ನಲ್ಲಿಗಳಿದ್ದವು. ‘ಕೆಳಗಿನದನ್ನ ತಿರುಗಿಸು. ಎಣ್ಣೆ ಬಂದರೆ ಜೀವ ಇದೆ ಅಂತ ತಿಳ್ಕೊ,’ ಎಂದಿದ್ದ ಅಲ್ಲಿನ ಮೇಸ್ತ್ರಿ. ಮೇಲಿನದು ಯಾತಕ್ಕೆ ಎಂದು ಜುಂಜಣ್ಣ ಕೇಳಿರಲಿಲ್ಲ. ಕೇಳಿದರೆ ಗೊತ್ತಿಲ್ಲ ಎಂದು ಗೊತ್ತಾಗುತ್ತದಲ್ಲ. ಅವನ ಬದುಕಿನ ಎಷ್ಟೋ ಸಂಗತಿಗಳು ಹೀಗೆ ಕೇಳದೆ ಉಳಿದು, ಉಳಿದದ್ದೇ ಗಂಟಾಗಿ ಒಳಗೆ ಕೂತಿದ್ದವು. ನಾಳೆ ಬರುವ ಮೇಸ್ತ್ರಿ ಬೆಂಗಳೂರಿನಲ್ಲಿ ಕಲಿತವನೇ ಇರಬೇಕು. ಅದೇ ಶೆಡ್ಡಿನವನೇ ಆಗಿದ್ದರೆ? ‘ಅರೆ, ಬಕೀಟು ಜುಂಜ!’ ಎಂದುಬಿಟ್ಟರೆ?

ಗೋಣಿಚೀಲ ಹಾಸಿ ಅಂಗಾತ ಮಲಗಿ ಮೋಟಾರಿನ ಕೆಳಕ್ಕೆ ಜಾರಿದ. ಒಳಗೆ ತಂಪಾಗಿತ್ತು, ಕತ್ತಲೆಯೂ ಅಲ್ಲದ ಬೆಳಕೂ ಅಲ್ಲದ ಒಂದು ಮಬ್ಬು. ಹಳೆಯ ಪಂಚೆಯ ತುಂಡಿನಿಂದ ಎಂಜಿನ್ನಿನ ತಳವನ್ನು ಒರೆಸಿ ಒಣಗಿಸಿ, ಹನಿ ಎಲ್ಲಿ ಮೂಡುತ್ತದೆಂದು ಕಣ್ಣು ಕೀಲಿಸಿ ಕಾದ. ಒಂದೇ ಕಡೆ ಸೋರಿದರೆ ಹಿಡಿಯಬಹುದು. ಇದು ಮೈಯೆಲ್ಲ ಬೆವರುತ್ತಿತ್ತು. ಮುಂದಿನ ಗಾಲಿಯ ಕಡೆ ಒಂದು ಹನಿ, ನಡುವಿನ ಸಂದಿಯಲ್ಲಿ ಒಂದು, ಹಿಂದೆ ಸಾಲಾಗಿ ಬೋಲ್ಟುಗಳ ಸುತ್ತ ಸಣ್ಣ ಸಣ್ಣ ಹನಿಗಳು. ಈ ಹದಿನೈದು ದಿನಗಳಲ್ಲಿ ಅವನು ಮಾಡದ ವೈದ್ಯ ಉಳಿದಿರಲಿಲ್ಲ. ಬೋಲ್ಟುಗಳನ್ನು ಕೈ ನಡುಗುವಷ್ಟು ಬಿಗಿದಿದ್ದ. ಸೀಸೆಯ ಬಿರಡೆ ಸೀಳಿ ಸಂದಿಗೆ ತುರುಕಿದ್ದ. ಸುಣ್ಣ ಬೆಲ್ಲ ಕಲೆಸಿ ಮೆತ್ತಿದ್ದ. ಅದು ಇರುವೆಗಳಿಗೆ ಹಬ್ಬವಾಯಿತು. ಮೇಲಿನ ನಲ್ಲಿಯಿಂದಲೂ ಹನಿ ಜಿನುಗುತ್ತಿದೆ ಎನ್ನಿಸಿ ಅರಗು ಕಾಯಿಸಿ ಅದರ ಬಾಯಿಗೆ ಸುರಿದು ಮುಚ್ಚಿಬಿಟ್ಟಿದ್ದ. ಅಷ್ಟಾದರೂ ಸೋರಿಕೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಸೋರಿದಷ್ಟು ಎಣ್ಣೆ ಒಳಗೆ ಕಡಿಮೆಯಾಗಿ ಎಂಜಿನ್ನು ಸುಟ್ಟುಹೋದೀತೆಂಬ ದಿಗಿಲಿಗೆ ದಿನವೂ ಡಬ್ಬದಿಂದ ಒಂದಿಷ್ಟು ಸುರಿಯುತ್ತಿದ್ದ. ಯುದ್ಧ ಶುರುವಾದಾಗಿನಿಂದ ಡಬ್ಬದ ಎಣ್ಣೆ ಸಿಗುವುದೇ ಕಷ್ಟ, ಆದರೂ ಸುರಿಯುತ್ತಿದ್ದ. ಕೆಳಗಿನ ನಲ್ಲಿ ತಿರುಗಿಸಿದರೆ ಎಣ್ಣೆ ಬರುತ್ತಿತ್ತು. ಜೀವ ಇದೆ. ಅಷ್ಟೇ ಅವನಿಗೆ ಸಮಾಧಾನ.

ಜುಂಜಣ್ಣ ಹುಡುಗನಾಗಿದ್ದಾಗ ಅವರ ಹಟ್ಟಿಯಲ್ಲಿ ಒಂದು ಕುರಿ ಇತ್ತು, ಕೆಂಚಿ. ಒಂದು ಸಂಜೆ ಹಸಿ ಹುರುಳಿ ಹೊಲಕ್ಕೆ ನುಗ್ಗಿ ಮೇದು ಬಂದು, ನಿಂತಲ್ಲೇ ನಿಂತು ನಿಟ್ಟುಸಿರು ಬಿಡುತ್ತಿತ್ತು. ಅಪ್ಪ ಹಿರಿಯೂರು ಸಂತೆಗೆ ಹೋಗಿದ್ದ. ಕುರಿಗೆ ಹಸಿವಾಗಿದೆ, ನಿತ್ರಾಣವಾಗಿದೆ ಎಂದುಕೊಂಡು ಜುಂಜಣ್ಣ ಗಂಜಿ ಕುಡಿಸಿದ. ಅದು ಮತ್ತೂ ನಿಟ್ಟುಸಿರಿಟ್ಟಿತು, ಅವನು ಮತ್ತೂ ಕುಡಿಸಿದ. ಪಕ್ಕದ ಗುಡಿಸಿಲಿನಲ್ಲಿ ಚಿಕ್ಕಪ್ಪ ಇದ್ದ, ಹೋಗಿ ಕೇಳಬಹುದಿತ್ತು. ಅಪ್ಪ ಬರುವ ಹೊತ್ತಿಗೆ ಕುರಿ ಕಾಲು ಚಾಚಿತ್ತು, ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಹಸಿರು ಮೇದದ್ದಕ್ಕೆ ಸತ್ತಿತು ಎಂದು ಎಲ್ಲರೂ ಹೇಳಿದರು. ಗಂಜಿಯ ವಿಷಯ ಅವನು ಯಾರಿಗೂ ಹೇಳಲಿಲ್ಲ. ಈಗ ಯಾಕೆ ಕೆಂಚಿ ನೆನಪಾಯಿತೋ! ಹಣೆಯ ಮೇಲೆ ಒಂದು ಹನಿ ಬಿತ್ತು, ಒರೆಸಿಕೊಂಡ. ಹರಳೆಣ್ಣೆಯ ವಾಸನೆ. ಕೆಲವು ದಿನಗಳಿಂದ ಈ ವಾಸನೆ ಬರುತ್ತಲೇ ಇತ್ತು. ತಲೆಗೆ ಹರಳೆಣ್ಣೆ ಹಚ್ಚುವವನು ತಾನು, ತನ್ನದೇ ತಲೆಯ ವಾಸನೆ ಎಂದುಕೊಂಡಿದ್ದ.

ಹೆಜ್ಜೆಯ ಸದ್ದಾಯಿತು. ಬೋರಪ್ಪನಿರಬೇಕು ಎಂದುಕೊಂಡ. ಬೋರಪ್ಪ ಹಿಂದೆ ಈ ಮನೆಯ ಗಾಡಿ ಹೊಡೆಯುತ್ತಿದ್ದವನು. ಎತ್ತು ಹೋದ ಮೇಲೆ ಅಂಗಳ ಗುಡಿಸುತ್ತ, ಮೋಟಾರಿನ ಮೇಲಿನ ಸಿಟ್ಟನ್ನೆಲ್ಲ ಜುಂಜಣ್ಣನ ಮೇಲೆ ತೀರಿಸಿಕೊಳ್ಳುತ್ತಿದ್ದವನು. ಆದರೆ ಗಾಲಿಯ ಪಕ್ಕದಲ್ಲಿ ಬಂದು ನಿಂತದ್ದು ಹೆಣ್ಣಿನ ಪಾದಗಳು, ಒಡೆದ ಹಿಮ್ಮಡಿ, ಕಾಲುಂಗುರವಿಲ್ಲದ ಬೆರಳುಗಳು, ಸ್ನಾನ ಮಾಡಿ ಬಂದ ನೀರು ಇನ್ನೂ ಆರಿರಲಿಲ್ಲ. ಏಕಾಂತಮ್ಮನವರು. ಸೋಮವಾರ ಬೆಳಗ್ಗೆ ಅವನು ಯಾವಾಗಲೂ ಬಟ್ಟೆ ಒಗೆಯಲು ವೇದಾವತಿ ಹೊಳೆಗೆ ಹೋಗುತ್ತಿದ್ದ, ಇವತ್ತು ಹೋಗಿರಲಿಲ್ಲ. ಎದ್ದು ಬರಬೇಕೆಂದುಕೊಂಡ. ಮೈಯೆಲ್ಲ ಮಸಿ, ಮಡಿಯಲ್ಲಿರುವ ಮುದುಕಿಯ ಕಾಲ ಬುಡದಲ್ಲಿ ಹಾವಿನ ಹಾಗೆ ತೆವಳಿಕೊಂಡು ಹೊರಬರುವುದು ಹೇಗೆ? ಈಗ ಬರಲೋ ಆಮೇಲೆ ಬರಲೋ ಎಂದು ಲೆಕ್ಕ ಹಾಕುವಷ್ಟರಲ್ಲಿ ಬರಬೇಕಾದ ಹೊತ್ತು ಮೀರಿತು. ಗಾಳಿಯಾಡಲೆಂದು ಎತ್ತಿಟ್ಟಿದ್ದ ಎಂಜಿನ್ನಿನ ಮುಚ್ಚಿಗೆಯ ಒಳಗೆ ಎಣ್ಣೆ ಸುರಿಯುವ ಬಾಯಿಯ ಮುಚ್ಚಳ ಟಕ್ಕೆಂದು ತೆರೆದ ಸದ್ದು ಕೇಳಿಸಿತು.

‘ಬಾಯಿ ತೆಗಿ ನನ್ನಪ್ಪ,’ ಎಂದರು ಏಕಾಂತಮ್ಮ, ಮೆತ್ತಗೆ. ‘ಕುಡಿ. ನಮ್ಮ ಕರಿಯ ಬಿಳಿಯ ಇದ್ದಾಗ ಹಿಂಗೇ ಗೊಟ್ಟದಾಗೆ ಹುಯ್ತಿದ್ದೆ. ಒಂದು ದಿನಾನೂ ಮುಗ್ಗರಿಸ್ಲಿಲ್ಲ ಅವು.’

ಗೊಟ್ಟ ಎಂದರೆ ದನಕ್ಕೆ ಎಣ್ಣೆ, ಔಷಧಿ ಕುಡಿಸುವ ಬಿದಿರಿನ ಕೊಳವೆ. ಬಾಯಿ ಓರೆಯಾಗಿ ಕೆತ್ತಿರುತ್ತದೆ. ಅದು ಕಬ್ಬಿಣಕ್ಕೆ ತಾಗಿದ ಸದ್ದನ್ನು ಜುಂಜಣ್ಣ ಕೇಳಿಸಿಕೊಂಡ. ಆಮೇಲೆ ಎಂಜಿನ್ನಿನ ಒಳಗೆ ಮಂದವಾದ ದ್ರವ ಇಳಿಯುವ ಗುಳುಗುಳು. ಅವನ ಎದೆಯ ಮೇಲೆ ಬೀಳುತ್ತಿದ್ದ ಹನಿಗಳು ಹತ್ತಿರ ಹತ್ತಿರವಾದವು.

‘ನೀನು ಸೋರ್ತೀಯ ಅಂತ ಮಗ ಬೈತಾನೆ. ನೀರಡಿಕೆ ಇದ್ದೋರೇ ಬೆವರೋದು ಅಂತ ಅವನಿಗೆ ಯಾರು ಹೇಳ್ಬೇಕು? ನಿನ್ನ ಮ್ಯಾಲೆ ಕುಂತು ಊರೂರು ತಿರುಗ್ತಾನೆ, ಹೋದಂಗೇ ತಿರುಗಿ ತಂದು ಬಿಡು. ಇನ್ನೇನೂ ಕೇಳಲ್ಲ ನಾನು.’ ಗೊಟ್ಟ ನಿಂತಿತು. ‘ನಿನ್ನ ನೋಡ್ಕಳೋನಿಗೆ ಏನೂ ಬರಂಗಿಲ್ಲ ಕಣಪ್ಪ. ಬಂದ ದಿನವೇ ನಂಗೆ ಗೊತ್ತಾತು. ನಿನ್ನ ಮುಟ್ಟಾಗ ಅವನ ಕೈ, ಹಾಯೋ ಎತ್ತಿನ ಮುಂದೆ ಹುಲ್ಲು ಹಿಡಿದಂಗೆ ನಡುಗ್ತಾವೆ. ಬರಲ್ಲ ಅನ್ನಕೂ ಹೆದ್ರಿಕೆ ಅವನಿಗೆ. ಅದಕ್ಕೇ ಸೋಮವಾರ ಸೋಮವಾರ ನಾನೇ ಬಂದು ಹುಯ್ತೀನಿ, ಅವನು ಎಲ್ಲಿ ಮರೀತಾನೋ ಅಂತ. ಮಗನ ಹತ್ರ ಹೇಳಿಲ್ಲ. ಪಾಪ, ಎಲ್ಲಿಗೆ ಹೋಗ್ತಾನೆ?’

ಗೊಟ್ಟ ಬಹಳ ಹೊತ್ತು ನಿಂತೇ ಇತ್ತು. ಪಾದಗಳು ಅಲುಗಲಿಲ್ಲ. ಜುಂಜಣ್ಣ ಉಸಿರು ಬಿಗಿಹಿಡಿದ. ಒಂದು ಹನಿ ಹುಬ್ಬಿನ ಮೇಲೆ ಬಿದ್ದು ಕಣ್ಣಿನೊಳಕ್ಕೆ ಇಳಿಯಿತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಆಮೇಲೆ ಗುಳುಗುಳು ಮತ್ತೆ ಶುರುವಾಯಿತು, ಗೊಟ್ಟ ಬರಿದಾಗುವ ತನಕ ನಡೆಯಿತು. ಮುಚ್ಚಳ ಬಿತ್ತು. ಪಾದಗಳು ಹೋದವು.

ನಾಚಿಕೆ ಮೊದಲು ಬಂತು, ಬುದ್ಧಿ ಆಮೇಲೆ. ಬಂದ ದಿನವೇ ಗೊತ್ತಾತು! ತಾನು ಪಾನಾ ಹಿಡಿದು ಹುಬ್ಬು ಗಂಟಿಕ್ಕಿ ಎಂಜಿನ್ನಿನ ಸದ್ದಿಗೆ ಕಿವಿಯಾನಿಸಿ ನಿಂತಾಗಲೆಲ್ಲ ಈ ಮುದುಕಿ ಜಗಲಿಯ ಮೇಲೆ ಬತ್ತಿ ಹೊಸೆಯುತ್ತ ಎಲ್ಲವನ್ನೂ ನೋಡುತ್ತಿದ್ದರು. ಆ ಹುಬ್ಬುಗಂಟನ್ನು ನೆನೆದು ಅವನಿಗೆ ಅಲ್ಲೇ, ಮೋಟಾರಿನ ಕೆಳಗೇ, ಮುಖ ಮುಚ್ಚಿಕೊಳ್ಳುವಂತಾಯಿತು. ಮಸಿಯ ಕೈ ಎಂದು ಮುಚ್ಚಿಕೊಳ್ಳಲಿಲ್ಲ. ಹಾಗೆ ಮಲಗಿದ್ದಾಗಲೇ ಕೆಂಚಿಯ ಬಿಗಿದ ಹೊಟ್ಟೆ ಮತ್ತೆ ಕಣ್ಣಿಗೆ ಬಂತು. ತಾನು ದಿನವೂ ಹುಯ್ಯುತ್ತಿದ್ದೇನೆ. ಅವರು ವಾರಕ್ಕೊಮ್ಮೆ ಹುಯ್ಯುತ್ತಿದ್ದಾರೆ. ಸೋರುತ್ತದೆ ಎಂದು ಹುಯ್ಯುವುದು, ಹುಯ್ದದ್ದಕ್ಕೇ ಸೋರುವುದು. ಕೆಳಗಿನ ನಲ್ಲಿಯಿಂದ ಎಣ್ಣೆ ಬಂದರೆ ಜೀವ ಇದೆ. ಹಾಗಾದರೆ ಮೇಲಿನ ನಲ್ಲಿಯಿಂದ ಬಂದರೆ? ಮೇಲಿನದು ಯಾತಕ್ಕೆ ಎಂಬ, ಎಂದೂ ಕೇಳದ ಪ್ರಶ್ನೆಗೆ ಉತ್ತರ ಅವನ ಮೂಗಿನ ಮೇಲೆ ಗೇಣುದ್ದದಲ್ಲೇ ಇತ್ತು. ಸಾಕು ಎಂದು ಹೇಳಲು ಇದ್ದ ಬಾಯಿ ಅದು. ಅದಕ್ಕೆ ಅವನೇ ಅರಗು ಸುರಿದು ಮುಚ್ಚಿದ್ದ.

ಪಾನಾದ ತುದಿಯಿಂದ ಅರಗನ್ನು ಕೆರೆದ. ಚೂರುಚೂರಾಗಿ ಬಾಯಿಗೇ ಉದುರಿತು, ಉಗುಳಿದ. ಕೆಳಗೆ ಗಡಿಗೆ ಇಟ್ಟು, ಮೇಲಿನ ನಲ್ಲಿಯನ್ನು ತಿರುಗಿಸಿದ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಎಣ್ಣೆ ದಾರದಂತೆ ಇಳಿಯಿತು, ಕಪ್ಪೆಣ್ಣೆಯ ನಡುವೆ ಬೆರೆಯದೆ ಉಳಿದ ಹರಳೆಣ್ಣೆಯ ಜೇನುಬಣ್ಣದ ಎಳೆ. ಹರಿಯುತ್ತಲೇ ಇತ್ತು. ಗಡಿಗೆ ತುಂಬಿತು, ಬಕೀಟು ತಂದಿಟ್ಟ. ಕೊನೆಗೆ ದಾರ ಹನಿಯಾಯಿತು, ಹನಿ ನಿಂತಿತು. ಕೆಳಗಿನ ನಲ್ಲಿ ತಿರುಗಿಸಿ ನೋಡಿದ, ಅಲ್ಲಿ ಇನ್ನೂ ಬರುತ್ತಿತ್ತು. ಎಣ್ಣೆ ಇರಬೇಕಾದ್ದು ಈ ಎರಡು ನಲ್ಲಿಗಳ ನಡುವೆ, ಇಷ್ಟೇ. ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ.

ಆದರೆ ಸೋರಿಕೆ ನಿಂತಿತೋ ಇಲ್ಲವೋ ಎಂದು ಮೋಟಾರು ಓಡಿಸಿ ನೋಡುವಂತಿಲ್ಲ; ಸೋಮವಾರ. ತಳವನ್ನೆಲ್ಲ ಮತ್ತೊಮ್ಮೆ ಒರೆಸಿ, ಬೋರಪ್ಪನ ಹತ್ತಿರ ಹೋಗಿ ಬೂದಿ ಕೇಳಿದ.

‘ಯಾಕಪ್ಪ, ಮೋಟಾರಿಗೆ ವಿಭೂತಿ ಹಚ್ತೀಯಾ?’ ಎಂದ ಬೋರಪ್ಪ. ‘ಹಚ್ಚು ಹಚ್ಚು. ಹ್ಯಂಗೂ ನಾಳೆ ಅದರ ತಿಥಿ.’

ಜುಂಜಣ್ಣ ಬೂದಿಯನ್ನು ಜರಡಿ ಹಿಡಿದು ಮೋಟಾರಿನ ಕೆಳಗೆ ತೆಳ್ಳಗೆ, ಒಂದು ಹನಿ ಬಿದ್ದರೂ ಕಾಣುವ ಹಾಗೆ ಹರಡಿದ. ಆಮೇಲೆ ಗೋದಲಿಯ ಅಂಚಿನ ಮೇಲೆ ಕೂತು ಕಾದ. ಬಿಸಿಲು ಬಾಗಿಲಿಂದ ಒಳಗೆ ಬಂದು, ಗೋಡೆ ಹತ್ತಿ, ಹೊರಟುಹೋಯಿತು. ಊಟಕ್ಕೆ ಕರೆದರು, ಹಸಿವಿಲ್ಲ ಎಂದ. ಪ್ರತಿ ಸಲ ಬಗ್ಗಿ ನೋಡಿದಾಗಲೂ ಬೂದಿ ಬೂದಿಯಾಗಿಯೇ ಇತ್ತು, ಆದರೂ ಕಣ್ಣನ್ನು ನಂಬದೆ ಮತ್ತೆ ಬಗ್ಗುತ್ತಿದ್ದ. ಒಮ್ಮೆ ಒಂದು ಕಪ್ಪು ಚುಕ್ಕೆ ಕಂಡು ಪ್ರಾಣ ಹಾರಿಹೋಯಿತು, ಅದು ಇರುವೆ. ಸೋಮವಾರ ಸೋಮವಾರ ಬಂದು ಹುಯ್ಯುವ ಈ ಅಮ್ಮನಿಗೆ ಬೇಡ ಎಂದು ಹೇಳುವುದು ಹೇಗೆ ಎಂಬ ಯೋಚನೆ ಬೇರೆ. ಹೇಳಿದರೆ, ಕೆಳಗೆ ಮಲಗಿ ಎಲ್ಲ ಕೇಳಿಸಿಕೊಂಡೆ ಎಂದು ಒಪ್ಪಿದ ಹಾಗೆ. ಮೋಟಾರಿಗೂ ಸೋಮವಾರ ಉಪವಾಸ ಇರಲಿ ಅಮ್ಮಾರೆ ಎಂದರೆ? ಆ ಮಾತು ಅವನಿಗೇ ಹಿಡಿಸಿತು. ಮನಸ್ಸಿನಲ್ಲೇ ಹತ್ತಾರು ಸಲ ಹೇಳಿ ನೋಡಿಕೊಂಡ. ಹೇಳಿದಷ್ಟೂ ಅದು ತೊಳೆದ ಬಟ್ಟೆಯಂತೆ ಬಣ್ಣ ಬಿಡುತ್ತಾ ಹೋಯಿತು.

ಸಂಜೆ ಸಾಹುಕಾರರು ಪೇಟೆಯಿಂದ ಬಂದವರು ನೆಟ್ಟಗೆ ಗಾಡಿಮನೆಗೆ ಬಂದರು. ಬಗ್ಗಿದರು. ಬೂದಿಯ ಮೇಲೆ ಒಂದು ಕೋಳಿಯ ಹೆಜ್ಜೆ ಬಿಟ್ಟರೆ ಏನೂ ಇರಲಿಲ್ಲ. ಬಗ್ಗಿದವರು ಏಳುವಾಗ ಅವರ ಮುಖದ ಮೇಲೆ ಹೊಸದುರ್ಗದ ಜಮಖಾನದ ಗೆರೆ ಅಳಿಸಿಹೋಗಿತ್ತು.

‘ಎಲಾ ಇವನ! ಏನ್ ಮಾಡ್ದೆಲೇ?’

ಏಕಾಂತಮ್ಮ ಹಿತ್ತಿಲ ಬಾಗಿಲ ಹೊಸ್ತಿಲಲ್ಲಿ ನಿಂತಿದ್ದರು. ಎಣ್ಣೆ ಜಾಸ್ತಿಯಾಗಿತ್ತು, ಎಷ್ಟಿರಬೇಕು ಅಂತ ನನಗೆ ತಿಳಿದಿರಲಿಲ್ಲ, ಇಷ್ಟೇ ಮಾತು. ನಾಲಿಗೆಯ ತುದಿಗೆ ಬಂದಿತ್ತು. ಜುಂಜಣ್ಣನ ಹುಬ್ಬು ತಾನೇತಾನಾಗಿ ಗಂಟಿಕ್ಕಿತು. ‘ಒಳಗಡೆ ವಾಶರ್ ಹೋಗಿತ್ತು ಸಾವ್ಕಾರ್ರೆ. ಬಿಚ್ಚಿ ಬ್ಯಾರೆ ಹಾಕ್ದೆ,’ ಎಂದ.

‘ಭಲೇ! ನಾನು ಸುಮ್ನೆ ನಿನ್ ಮ್ಯಾಲೆ ಅನುಮಾನ ಪಟ್ಟೆ ಕಣಪ್ಪ. ಹಂಗಾರೆ ಆ ದಾವಣಗೆರೆಯೋನು ಯಾಕೆ, ಬ್ಯಾಡ ಅಂತ ಹೇಳಿ ಕಳಿಸ್ತೀನಿ.’ ಸಾಹುಕಾರರು ಅವನ ಬೆನ್ನು ತಟ್ಟಿದರು, ಹಿಂದೆಂದೂ ಮುಟ್ಟಿದವರಲ್ಲ. ‘ಇನ್ನೊಂದು. ಹೊಳಲ್ಕೆರೆ ಬೀಗರು ಹ್ವಾದ ತಿಂಗಳು ಮೋಟಾರು ತಂದವ್ರೆ. ಅದೇನೋ ಕೊರ್ರ್ ಅಂತೈತಂತೆ. ಬುಧವಾರ ಹೋಗಿ ಬಿಚ್ಚಿ ನೋಡ್ಕಂಡು ಬಾ. ನಮ್ಮ ಮೇಸ್ತ್ರಿನೇ ಕಳಿಸ್ತೀನಿ ಅಂತ ಹೇಳ್ತೀನಿ.’

‘ಆಗ್ಲಿ ಸಾವ್ಕಾರ್ರೆ,’ ಎಂದಿತು ಜುಂಜಣ್ಣನ ಬಾಯಿ. ಕೊರ್ರ್ ಎಂಬ ಸದ್ದು ಅವನ ಹೊಟ್ಟೆಯಲ್ಲಿ ಆಗಲೇ ಶುರುವಾಗಿತ್ತು.

ಸಾಹುಕಾರರು ಕೈಕಾಲು ತೊಳೆಯಲು ಒಳಗೆ ಹೋದರು. ಏಕಾಂತಮ್ಮ ಮೆಲ್ಲಗೆ ಮೆಟ್ಟಿಲಿಳಿದು ಬಂದರು. ಸೆರಗಿನ ಮರೆಯಲ್ಲಿ ಗೊಟ್ಟ ಇತ್ತು. ಬಕೀಟಿನಲ್ಲಿದ್ದ ಎಣ್ಣೆಯನ್ನು ನೋಡಿದರು, ಬಗ್ಗಿ ಬೆರಳು ಅದ್ದಿ ಮೂಸಿದರು. ತಮ್ಮ ಮನೆಯ ಹರಳೆಣ್ಣೆಯ ಗುರುತು ಅವರಿಗೆ ಸಿಗದೆ ಇರುತ್ತದೆಯೇ? ಜುಂಜಣ್ಣ ಅವಸರದಿಂದ, ಬೆಳಗಿನಿಂದ ಬಾಯಿಪಾಠ ಮಾಡಿದ್ದನ್ನು ಹೇಳತೊಡಗಿದ.

‘ಅಮ್ಮಾರೆ, ಈ ಮೋಟಾರಿಗೆ ಸೋಮವಾರ ಉಪವಾಸ...’

‘ನಿನ್ನ ಕಾಲು ಹೊರಗಿದ್ವಲ್ಲೋ ಜುಂಜಣ್ಣ,’ ಎಂದರು ಏಕಾಂತಮ್ಮ.

ಅವನಿಗೆ ಮೊದಲು ಅರ್ಥವಾಗಲಿಲ್ಲ.

‘ಬೆಳಿಗ್ಗೆ. ಮೊಣಕಾಲ ತಂಕ ಆಚೆಗಿದ್ವು. ಮೋಟಾರಿಗೆ ಕಿವಿ ಎಲ್ಲೈತಪ್ಪ, ನಾನು ಅದರ ಕೂಡೆ ಮಾತಾಡಕ್ಕೆ? ಎದುರಿಗೆ ಹೇಳಿದ್ರೆ ನಿಂಗೆ ಅವಮಾನ ಅಂತ ಅದಕ್ಕೆ ಹೇಳ್ದಂಗೆ ಹೇಳ್ದೆ.’ ಗೊಟ್ಟವನ್ನು ಕೈಯಲ್ಲಿ ತಿರುಗಿಸಿದರು. ‘ಅರ್ಧ ಹುಯ್ದು ನಿಲ್ಲಿಸ್ದೆ. ನಾನು ತಪ್ಪು ಮಾಡ್ತಿದ್ರೂ ಮಾಡ್ತಿರಬಹುದು, ನಂಗೇನು ಗೊತ್ತು ಇದರ ಹೊಟ್ಟೆ ಎಷ್ಟು ಅಂತ? ಸಾಕು ಅಮ್ಮಾರೆ ಅಂತೀಯೇನೋ ಅಂತ ಕಾದೆ. ಸುಮಾರೊತ್ತು ಕಾದೆ. ನೀನು ಉಸಿರೂ ಬಿಡ್ಲಿಲ್ಲ. ಅದಕ್ಕೇ ಪೂರ್ತಿ ಹುಯ್ದೆ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಗೊಟ್ಟವನ್ನು ಗೋದಲಿಯ ಮೇಲಿನ ಗೂಡಿನಲ್ಲಿ, ಅವನ ಕೈಗೂ ಎಟಕುವ ಹಾಗೆ ಇಟ್ಟರು. ‘ಹೊಳಲ್ಕೆರೆಗೆ ಹುಷಾರಾಗಿ ಹೋಗಿ ಬಾರಪ್ಪ,’ ಎಂದರು. ಮೆಟ್ಟಿಲು ಹತ್ತುವಾಗ ಮೊಣಕಾಲ ಮೇಲೆ ಕೈಯೂರಿ, ಒಂದೊಂದೇ ಹೆಜ್ಜೆ ಇಟ್ಟು, ತಿರುಗಿ ನೋಡದೆ ಒಳಗೆ ಹೋದರು. ಒಳಗಿಂದ ಸಾಹುಕಾರರು ಯಾರಿಗೋ ಗಟ್ಟಿಯಾಗಿ, ‘ನಮ್ಮ ಮೇಸ್ತ್ರಿ ಏನು ಸಾಮಾನ್ಯನೇನ್ರಿ!’ ಎನ್ನುತ್ತಿರುವುದು ಕೇಳಿಸಿತು.

ಜುಂಜಣ್ಣ ನಿಂತೇ ಇದ್ದ. ‘ಸಾಕು ಅಮ್ಮಾರೆ,’ ಎಂದ, ತಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ. ಬಾಗಿಲು ಮುಚ್ಚಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು ಮತ್ತೆ ಮೊಣಕಾಲೂರಿ ಬಗ್ಗಿ, ಬೂದಿಯನ್ನು ನೋಡಿದ.